ಉಳಿದ ಪೈಸೆ ಯಾರದು

ಮಾರ್ಚ್ ತಿಂಗಳ ಕೊನೆಯ ದಿನ ಬೆಳಿಗ್ಗೆ ಹತ್ತೂವರೆಗೆ ನನ್ನ ಲೆಕ್ಕದಲ್ಲಿ ಮೂರು ಪೈಸೆ ಕಡಿಮೆ ಬಿತ್ತು. ಮೂರು ಪೈಸೆಯ ನಾಣ್ಯವನ್ನು ನಾನು ಕಂಡಿದ್ದೇ ಅಜ್ಜನ ಅಡಿಕೆ ಡಬ್ಬಿಯ ತಳದಲ್ಲಿ, ಅದೂ ಚಿಕ್ಕವಳಿದ್ದಾಗ. ಇವತ್ತು ಅದು ರಸ್ತೆಯಲ್ಲಿ ಬಿದ್ದಿದ್ದರೆ ಯಾರೂ ಬಗ್ಗಿ ಎತ್ತಿಕೊಳ್ಳಲಿಕ್ಕಿಲ್ಲ. ಆದರೆ ಮಂಜೂರಾದ ಮೊತ್ತಕ್ಕೂ ನಾನು ಹಂಚಿದ ಮೊತ್ತಕ್ಕೂ ನಡುವೆ ಅಷ್ಟು ಅಂತರವಿತ್ತು. ಹಣ ಸಂಜೆ ನಾಲ್ಕರೊಳಗೆ ಜನರ ಖಾತೆಗಳಿಗೆ ಹೊರಡದಿದ್ದರೆ ಅಷ್ಟೂ ಖಜಾನೆಗೆ ವಾಪಸ್ ಹೋಗುತ್ತಿತ್ತು.

ಗಜೇಂದ್ರಗಡದ ಒಂದು ಕೈಮಗ್ಗ ನೇಕಾರರ ಸಂಘದಲ್ಲಿ ನಾನು ಲೆಕ್ಕ ಬರೆಯುವವಳು. ಮನೆ ರೋಣದಲ್ಲಿ, ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗುತ್ತೇನೆ, ಸಂಜೆ ಬರುತ್ತೇನೆ. ಆ ವರ್ಷ ಸಂಘದ ನೂರಾ ಹದಿನೆಂಟು ಮಗ್ಗಗಳಿಗೆ ಸರ್ಕಾರದ ಪ್ರೋತ್ಸಾಹಧನ ಬಂದಿತ್ತು. ಇಷ್ಟು ಮೀಟರ್ ನೇಯ್ದರೆ ಇಷ್ಟು ಎಂಬ ದರ ಇದ್ದುದರಿಂದ ಬಹುಪಾಲು ಮಗ್ಗಗಳ ಮುಂದೆ ರೂಪಾಯಿಯ ಜತೆಗೆ ಪೈಸೆಯೂ ಇತ್ತು. ಹಿಂದಿನ ವರ್ಷಗಳಲ್ಲಿ ಆ ಮೊತ್ತ ಮಗ್ಗದ ಮಾಲೀಕನ ಖಾತೆಗೆ ನೇರವಾಗಿ ಹೋಗುತ್ತಿತ್ತು, ನನ್ನ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಈ ಸಲ ಹಾಗಿರಲಿಲ್ಲ.

ಒಂದು ಮಗ್ಗದ ಹಿಂದೆ ಮೂರು ಜನ ದುಡಿಯುತ್ತಾರೆ. ನೇಯುವವನು ಒಬ್ಬ. ಲಾಳಿಯೊಳಗೆ ಕೂಡಿಸುವ ಪುಟ್ಟ ನೂಲಿನ ಸುರುಳಿಗೆ ಕಂಡಿಕಿ ಎನ್ನುತ್ತಾರೆ. ಅದನ್ನು ರಾಟಿಯ ಮೇಲೆ ಸುತ್ತಿ ಕೊಡುವವಳು ಇನ್ನೊಬ್ಬಳು. ಮಗ್ಗದ ಉದ್ದಕ್ಕೆ ಹಾಸುವ ನೂಲನ್ನು ಎಳೆ ಎಳೆಯಾಗಿ ಜೋಡಿಸುವವರು ಮೂರನೆಯವರು. ಈ ಎರಡೂ ಕೆಲಸ ಮಾಡುವವರು ಹೆಚ್ಚಾಗಿ ಹೆಂಗಸರು. ಸಂಘದ ಯಾವ ಪಟ್ಟಿಯಲ್ಲೂ ಅವರ ಹೆಸರಿರಲಿಲ್ಲ. ಹಿಂದಿನ ಸರ್ವಸಾಧಾರಣ ಸಭೆಯಲ್ಲಿ ಕಂಡಿಕಿ ಸುತ್ತುವ ಒಬ್ಬ ಮುದುಕಿ ಎದ್ದು ನಿಂತಿದ್ದಳು. ಓಣಿಯವರೆಲ್ಲ ಅವಳನ್ನು ಆಯಿ ಎಂದೇ ಕರೆಯುತ್ತಾರೆ, ನಾನೂ ಹಾಗೇ.

“ಬಟ್ಟಿ ನೇಯಾಕ ನಾವು ಬೇಕು, ರೊಕ್ಕಾ ಎಣಸೂ ಮುಂದ ನಾವು ಬ್ಯಾಡೇನ್ರಿ?” ಎಂದಳು.

ಆಮೇಲೆ ಗದ್ದಲವಾಯಿತು. ಕೊನೆಗೆ, ಈ ಒಂದು ವರ್ಷದ ಮಟ್ಟಿಗೆ ಪ್ರತಿ ಮಗ್ಗದ ಹಣವನ್ನು ಮೂರು ಸಮ ಪಾಲು ಮಾಡಿ ಮೂವರ ಖಾತೆಗೂ ಬೇರೆ ಬೇರೆ ಹಾಕಬೇಕೆಂದು ಠರಾವು ಆಯಿತು. ಕೈ ಎತ್ತಿದ ಗಂಡಸರಲ್ಲಿ ಅರ್ಧ ಜನ ಇದು ಆಗಿಹೋಗುವ ಮಾತಲ್ಲ ಎಂಬ ಧೈರ್ಯದ ಮೇಲೆ ಕೈ ಎತ್ತಿದ್ದರು ಎಂದು ನನಗೆ ಈಗಲೂ ಅನುಮಾನವಿದೆ.

ಆಯಿ ಅರವತ್ಮೂರನೇ ಮಗ್ಗಕ್ಕೆ ಕಂಡಿಕಿ ಸುತ್ತುತ್ತಿದ್ದಳು. ಆ ಮಗ್ಗದವರು ಅವಳ ಸಂಬಂಧಿಕರೇನಲ್ಲ. ಸ್ವಂತ ರಾಟಿ ಇಲ್ಲದ್ದರಿಂದ ಅವರ ಮನೆಗೇ ಹೋಗಿ, ಅವರ ರಾಟಿಯಲ್ಲಿ, ಅವರು ಹೇಳಿದ ಹೊತ್ತಿಗೆ ಸುತ್ತಬೇಕು. ತಿಂಗಳಿಗೊಮ್ಮೆ ಸಂಘ ಕೊಡುವ ನೂಲೊಂದನ್ನು ಬಿಟ್ಟರೆ ಬೇರೆಯವರ ನೂಲು ಮುಟ್ಟುವಂತಿಲ್ಲ. ಅದೇ ಓಣಿಯ ಒಬ್ಬಾಕೆ ಪುರ್ತಗೇರಿಗೆ ಮಗಳ ಮನೆಗೆ ಹೊರಟವಳು ತನ್ನ ರಾಟಿಯನ್ನು ಸಾವಿರದ ನಾಲ್ಕುನೂರಕ್ಕೆ ಕೊಡುತ್ತೇನೆಂದು ಹೇಳಿ, ಆಯಿಯ ಸಲುವಾಗಿ ಒಂದು ವಾರ ಕಾಯುತ್ತಿದ್ದಳು. ಆಯಿಯ ಪಾಲಿಗೆ ಬರಬೇಕಾದದ್ದು ಸಾವಿರದ ನಾಲ್ಕುನೂರ ಹನ್ನೆರಡು ರೂಪಾಯಿ ಚಿಲ್ಲರೆ. ತಿಂಗಳಿಂದ ಅವಳು ಸಂಘದ ಬಾಗಿಲಿಗೆ ಬಂದು, ರೊಕ್ಕ ಹಾಕಿದಿರಾ ಎಂಬ ಒಂದೇ ಪ್ರಶ್ನೆ ಕೇಳುತ್ತಿದ್ದಳು.

ಕೊನೆಯ ದಿನದವರೆಗೆ ಯಾಕೆ ಕಾದಿರಿ ಎಂದು ಆಮೇಲೆ ಬಹಳ ಜನ ಕೇಳಿದರು. ಕಾಯಲಿಲ್ಲ, ಓಡಾಡಿದೆ. ಇನ್ನೂರ ಮೂವತ್ತಾರು ಹೊಸ ಹೆಸರುಗಳಿಗೆ ಬ್ಯಾಂಕ್ ಖಾತೆ ಬೇಕಿತ್ತು. ಕೆಲವರಿಗೆ ಖಾತೆಯೇ ಇರಲಿಲ್ಲ, ಕೆಲವರದು ವರ್ಷಗಟ್ಟಲೆ ಮುಟ್ಟದೆ ಸತ್ತುಹೋಗಿತ್ತು. ಒಬ್ಬಾಕೆಯ ಪಾಸ್‌ಬುಕ್ಕು ಚಿಕ್ಕನರಗುಂದದ ತವರುಮನೆಯ ಟ್ರಂಕಿನಲ್ಲಿತ್ತು. ಕೊನೆಯ ಖಾತೆ ಸಂಖ್ಯೆ ನನ್ನ ಕೈಗೆ ಬಂದದ್ದು ಹಿಂದಿನ ದಿನ ಸಂಜೆ ಐದಕ್ಕೆ.

ಇನ್ನು ಆ ಮೂರು ಪೈಸೆ. ಎಕ್ಸೆಲ್ ಹಾಳೆಯಲ್ಲಿ ನಾನು ಮಾಡಿದ್ದು ಬಹಳ ಸರಳ: ಮಗ್ಗದ ಮೊತ್ತವನ್ನು ಮೂರರಿಂದ ಭಾಗಿಸಿ, ಹತ್ತಿರದ ಪೈಸೆಗೆ ಸರಿಮಾಡಿ, ಮೂವರ ಮುಂದೆಯೂ ಅದೇ ಅಂಕಿ. ಒಟ್ಟು ಮುನ್ನೂರ ಐವತ್ನಾಲ್ಕು ಸಾಲು. ಕೆಳಗೆ ಕೂಡಿಸಿದರೆ ಮೂರು ಪೈಸೆ ಕಡಿಮೆ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದೆ. ಆಮೇಲೆ, ಇಪ್ಪತ್ತು ವರ್ಷ ಲೆಕ್ಕ ಬರೆದವಳು ಯಾವತ್ತೂ ಮಾಡಬಾರದ ಕೆಲಸ ಮಾಡಿದೆ. ಪಟ್ಟಿಯ ಕೊನೆಯ ಮಗ್ಗದ ನೇಕಾರನ ಸಾಲಿಗೆ ಹೋಗಿ, ಸೂತ್ರ ಅಳಿಸಿ, ಮೂರು ಪೈಸೆ ಹೆಚ್ಚು ಮಾಡಿ ಕೈಯಾರೆ ಅಂಕಿ ಒತ್ತಿದೆ. ಮೊತ್ತ ಕೂಡಿತು. ನನಗೆ ನಿರಾಳವಾಯಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ನಿರಾಳವಾದದ್ದು ಖರೆ.

ನಮ್ಮ ಕಾರ್ಯದರ್ಶಿ ಪ್ರತಿ ಹಾಳೆಗೂ ಸಹಿ ಹಾಕಿ ಠಸ್ಸೆ ಒತ್ತಿದರು. ಅವರು ಕೆಟ್ಟ ಮನುಷ್ಯರಲ್ಲ, ಆಡಿಟ್ ಎಂಬ ಶಬ್ದ ಕೇಳಿದರೆ ಬೆವರುವ ಮನುಷ್ಯ, ಅಷ್ಟೇ. ಪೆನ್‌ಡ್ರೈವ್ ಹಿಡಿದು ಇಬ್ಬರೂ ಬಸ್ ಸ್ಟ್ಯಾಂಡ್ ದಾಟಿ ಬ್ಯಾಂಕಿಗೆ ಹೋದೆವು. ವರ್ಷದ ಕೊನೆಯ ದಿನದ ಬ್ಯಾಂಕು ಹೇಗಿರುತ್ತದೆಂದು ಹೇಳಬೇಕಿಲ್ಲ. ಹನ್ನೊಂದೂವರೆಗೆ ನಮ್ಮ ಸರದಿ ಬಂತು. ಬ್ಯಾಂಕಿನ ಅಧಿಕಾರಿ ನರಗುಂದದ ಹುಡುಗ, ಚುರುಕಿನವನು. ನಮ್ಮ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಿ ಒಂದು ನಿಮಿಷ ನೋಡುತ್ತ ಕುಳಿತ. ಆಮೇಲೆ ಪರದೆಯನ್ನು ನಮ್ಮ ಕಡೆ ತಿರುಗಿಸಿದ. ಎಲ್ಲಿ ನೋಡಿದರೂ ಕೆಂಪು.

“ಅಕ್ಕಾರ, ಒಟ್ಟು ಮೊತ್ತ ಬರೋಬ್ಬರಿ ಐತ್ರಿ. ಆದ್ರ ಒಳಗ ಎಂಬತ್ತು ಮಗ್ಗ ತಪ್ಪ್ಯಾವು.”

“ಎಂಬತ್ತು?” ಎಂದರು ಕಾರ್ಯದರ್ಶಿ.

“ಹೌದ್ರಿ. ಇದು ಮಗ್ಗದ ಲೆಕ್ಕಾನ ಬ್ಯಾರೆ ಬ್ಯಾರೆ ನೋಡತೈತಿ. ಒಂದ ಮಗ್ಗಕ್ಕ ಮಂಜೂರಾದದ್ದು, ಆ ಮಗ್ಗದ ಮೂರು ಮಂದಿಗೆ ಹೋಗೂದು, ಎರಡೂ ಪೈಸಾಕ್ಕ ಪೈಸಾ ಕೂಡಬೇಕು. ಇಲ್ಲಿ ಒಂದ ಪೈಸಾ ಹೆಚ್ಚ, ಅಲ್ಲಿ ಒಂದ ಪೈಸಾ ಕಡಿಮಿ. ಮತ್ತ ಈ ನೂರಾ ಹದಿನೆಂಟನೇದ್ರಾಗ ಮೂರು ಪೈಸಾ ಹೆಚ್ಚ ಐತಿ.” ಅವನು ಹೆಸರು ನೋಡಿ ನಕ್ಕ. “ಇದು ಕಾರ್ಯದರ್ಶಿ ಸಾಹೇಬ್ರ ತಮ್ಮನ ಮಗ್ಗ ಅಲ್ಲೇನ್ರಿ? ಕೊಡೂದ ಇದ್ರ ಇನ್ನೊಂಚೂರು ಜಾಸ್ತಿ ಕೊಡಬೇಕಿತ್ತಲ್ರಿ ಅಕ್ಕಾರ.”

ಅವನು ಚೇಷ್ಟೆಗೆ ಅಂದದ್ದು. ಕಾರ್ಯದರ್ಶಿಗಳ ಮುಖ ಮಾತ್ರ ಬಿಳಿಚಿಕೊಂಡಿತು. ಬ್ಯಾಂಕಿನಿಂದ ಸಂಘದವರೆಗೆ ಅವರು ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದರು.

ಕಚೇರಿಗೆ ಬಂದು ಕಂಪ್ಯೂಟರ್ ಬದಿಗಿಟ್ಟು ಕಾಗದ ತೆಗೆದುಕೊಂಡೆ. ಅರವತ್ಮೂರನೇ ಮಗ್ಗಕ್ಕೆ ಮಂಜೂರಾದದ್ದು ನಾಲ್ಕು ಸಾವಿರದ ಇನ್ನೂರ ಮೂವತ್ತೇಳು ರೂಪಾಯಿ ನಲವತ್ತು ಪೈಸೆ. ಮೂರರಿಂದ ಭಾಗಿಸಿದರೆ ಸಾವಿರದ ನಾಲ್ಕುನೂರ ಹನ್ನೆರಡು ರೂಪಾಯಿ ನಲವತ್ತಾರು ಪೈಸೆ, ಅದರ ಮುಂದೆ ಆರು, ಆರು, ಆರು, ಮುಗಿಯುವುದೇ ಇಲ್ಲ. ಅರ್ಧ ಪೈಸೆ ಮೀರಿದ್ದರಿಂದ ಎಕ್ಸೆಲ್ ಅದನ್ನು ನಲವತ್ತೇಳಕ್ಕೆ ಏರಿಸಿತ್ತು. ಮೂವರಿಗೂ ನಲವತ್ತೇಳು ಕೊಟ್ಟರೆ ಮಗ್ಗದ ಮೊತ್ತ ಒಂದು ಪೈಸೆ ಮೀರುತ್ತದೆ. ಪಕ್ಕದ ಮಗ್ಗದ್ದು ಸರಿಯಾಗಿ ನಾಲ್ಕು ಸಾವಿರ. ಅಲ್ಲಿ ಮೂವರಿಗೂ ಸಾವಿರದ ಮುನ್ನೂರ ಮೂವತ್ಮೂರು ರೂಪಾಯಿ ಮೂವತ್ಮೂರು ಪೈಸೆ. ಒಂದು ಪೈಸೆ ಯಾರಿಗೂ ಸೇರದೆ ಉಳಿಯುತ್ತದೆ.

ಎಣಿಸಿದೆ. ಒಂದು ಪೈಸೆ ಉಳಿಯುವ ಮಗ್ಗ ನಲವತ್ತೊಂದು. ಒಂದು ಪೈಸೆ ಮೀರುವವು ಮೂವತ್ತೆಂಟು. ಸರಿಯಾಗಿ ಭಾಗವಾಗುವವು ಮೂವತ್ತೊಂಬತ್ತು. ನಲವತ್ತೊಂದರಲ್ಲಿ ಮೂವತ್ತೆಂಟು ಕಳೆದರೆ ಮೂರು. ನನಗೆ ಬೆಳಿಗ್ಗೆ ಕಂಡದ್ದು ಆ ಮೂರು ಮಾತ್ರ. ಎಪ್ಪತ್ತೊಂಬತ್ತು ತಪ್ಪುಗಳು ಒಂದಕ್ಕೊಂದು ವಜಾ ಆಗಿ ಅಡಗಿ ಕುಳಿತಿದ್ದವು. ಎಂಬತ್ತನೆಯದು ನಾನೇ ಕೈಯಾರೆ ಕೆಡಿಸಿದ, ಚೆನ್ನಾಗಿದ್ದ ಮಗ್ಗ. ನನ್ನ ಮೇಲೆ ನನಗೇ ಕೆಟ್ಟ ಸಿಟ್ಟು ಬಂತು.

ಆಗ ಹನ್ನೆರಡೂ ಕಾಲು. ಎಲ್ಲರಿಗೂ ಕೆಳಗಿನ ಪೈಸೆಗೇ ಇಳಿಸಿ ನೋಡಿದೆ. ಹಾಗೆ ಮಾಡಿದರೆ ಯಾವ ಮಗ್ಗವೂ ಮೀರುವುದಿಲ್ಲ, ಆದರೆ ನಲವತ್ತೊಂದು ಮಗ್ಗಗಳಲ್ಲಿ ಒಂದೊಂದು, ಮೂವತ್ತೆಂಟು ಮಗ್ಗಗಳಲ್ಲಿ ಎರಡೆರಡು ಪೈಸೆ ಉಳಿಯುತ್ತವೆ. ಒಟ್ಟು ಒಂದು ರೂಪಾಯಿ ಹದಿನೇಳು ಪೈಸೆ. ಅದನ್ನು ಸಂಘದ ಖಾತೆಗೆ ಹಾಕಬಹುದೇ ಎಂದು ಬ್ಯಾಂಕಿಗೆ ಫೋನ್ ಮಾಡಿ ಕೇಳಿದೆ. ಬರುವುದಿಲ್ಲ, ಮಗ್ಗದ ಹಣ ಮಗ್ಗದ ಜನರಿಗೇ ಮುಗಿಯಬೇಕು ಎಂದ ನರಗುಂದದ ಹುಡುಗ. “ಲಗೂ ಮಾಡ್ರಿ ಅಕ್ಕಾರ, ಮೂರೂವರಿ ದಾಟಿದ ಮ್ಯಾಲ ನನ್ನ ಕೈಯಾಗ ಏನೂ ಇಲ್ಲ.”

ಕಾರ್ಯದರ್ಶಿ ನನ್ನ ಮೇಜಿನ ಮುಂದೆ ಬಂದು ಕುಳಿತರು. ಹಳೆ ಸಿಟ್ಟು ಇಳಿದಿತ್ತು, ಹೊಸ ಹೆದರಿಕೆ ಏರಿತ್ತು.

“ಅಕ್ಕಾರ, ಒಂದ ಮಾತು ಹೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ಹೋದ ವರ್ಷದ ಪಟ್ಟಿ ತಗೀರಿ. ಮಗ್ಗಕ್ಕ ಒಂದ ಹೆಸರು, ಒಂದ ಖಾತೆ, ಪೂರಾ ರೊಕ್ಕ. ಭಾಗಿಸೂದ ಇಲ್ಲ ಅಂದ್ರ ಪೈಸಾ ಉಳಿಯೂದೂ ಇಲ್ಲ. ಅರ್ಧ ತಾಸಿನ ಕೆಲಸ.”

“ಮತ್ತ ಹೆಣ್ಮಕ್ಕಳ ಪಾಲು?”

“ಮನಿಯಾಗ ಹಂಚಕೋತಾರ.”

“ಹೋದ ವರ್ಷ ಹಂಚಿದ್ರೇನ್ರಿ ಸರ?”

ಅವರು ಕಿಟಕಿಯ ಕಡೆ ನೋಡಿದರು. “ಪೂರಾ ರೊಕ್ಕಾ ವಾಪಸ್ ಹೋದ್ರ ನೂರಾ ಹದಿನೆಂಟು ಮಗ್ಗದವ್ರು ಈ ಬಾಗಲದಾಗ ಬಂದು ನಿಲ್ತಾರ. ಅವಾಗ ನೀವು ರೋಣದ ಬಸ್ಸು ಹತ್ತಿ ಹೊಕ್ಕೀರಿ. ನಾ ಇದ ಓಣಿಯಾಗ ಬಾಳೇ ಮಾಡಬೇಕು.”

ಮಾತು ಚುಚ್ಚಿತು, ಯಾಕೆಂದರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹಿಂದಿನ ವರ್ಷದ ಕಡತ ತೆರೆದೆ. ಮುಚ್ಚಿಡುವುದೇನು, ನಾನು ಸುಮ್ಮನೆ ತೆರೆದು ಕುಳಿತವಳಲ್ಲ, ಕೆಲಸವನ್ನೂ ಶುರುಮಾಡಿದೆ. ಹೊಸ ಮೊತ್ತಗಳನ್ನು ಹಳೆ ಹೆಸರುಗಳ ಮುಂದೆ ಅಂಟಿಸಿದೆ. ನೂರಾ ಹದಿನೆಂಟು ಸಾಲು, ಕೂಡಿಸಿದರೆ ಪೈಸೆಗೆ ಪೈಸೆ ಸರಿ. ಒಬ್ಬ ಗಂಡಸು, ಒಂದು ಮೊತ್ತ, ಒಬ್ಬ ಗಂಡಸು, ಒಂದು ಮೊತ್ತ, ಕಣ್ಣಿಗೆ ಎಷ್ಟು ಹಾಯೆನಿಸುವ ಪಟ್ಟಿ. ಮುದ್ರಣಕ್ಕೆ ಕೊಡುವುದೊಂದೇ ಬಾಕಿ ಇತ್ತು.

ಅಷ್ಟರಲ್ಲಿ ಆಯಿ ಬಂದಳು. ಬಾಗಿಲಲ್ಲೇ ನಿಂತು ಎಂದಿನ ಪ್ರಶ್ನೆ ಕೇಳಿದಳು.

“ಯವ್ವಾ, ನನ್ನ ರೊಕ್ಕ ಹಾಕಿದೇನ?”

“ಆಯಿ, ಒಂಚೂರು ತಡಿ. ಲೆಕ್ಕ ಕೂಡವಲ್ದು.”

“ಎಷ್ಟ ಕೂಡವಲ್ದು?”

“ಪೈಸಾದಾಗ ಹೆಚ್ಚುಕಡಿಮಿ.”

“ಪೈಸಾ?” ಅವಳು ನಗಲಿಲ್ಲ. “ಪೈಸಾದ ಸಲುವಾಗಿ ನನ್ನ ಹೆಸರು ಹೊಡದುಹಾಕ್ತೀರೇನು?”

ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಕಾರ್ಯದರ್ಶಿಗಳ ಮುಖ ನೋಡಿದರೇ ತಿಳಿಯುವಂತಿತ್ತು. ನಾನು ಪರದೆಯ ಕಡೆ ತಿರುಗಿದೆ. ಅವಳು ಇನ್ನೊಮ್ಮೆ ಕೇಳದೆ ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತಳು. ಅಲ್ಲಿ ಇನ್ನಿಬ್ಬರು ಹೆಂಗಸರು ನೂಲಿನ ಕಟ್ಟು ಇಟ್ಟುಕೊಂಡು ಅವಳಿಗಾಗಿ ಕಾಯುತ್ತಿದ್ದರು.

ತಿಂಗಳಿಗೊಮ್ಮೆ ನಮ್ಮ ಉಗ್ರಾಣದಿಂದ ಕಂಡಿಕಿ ಸುತ್ತುವವರಿಗೆ ಹೆಚ್ಚಿನ ನೂಲು ಕೊಡುತ್ತೇವೆ. ಒಂದು ಕಟ್ಟಿನಲ್ಲಿ ಇಪ್ಪತ್ತು ಲಡಿ, ಅಂದರೆ ನೂಲಿನ ಸಿಂಬೆ. ಒಂದು ಲಡಿಗೆ ಇಷ್ಟು ಎಂದು ಕೂಲಿ ಇರುವುದರಿಂದ ಹೆಚ್ಚು ಲಡಿ ಸಿಕ್ಕವರಿಗೆ ಹೆಚ್ಚು ದುಡ್ಡು. ಮೂವರು ಸೇರಿ ಒಂದು ಕಟ್ಟು ಒಯ್ದು ಹಂಚಿಕೊಳ್ಳುವುದು ರೂಢಿ. ಕಿಟಕಿಯಿಂದ ನನಗೆ ಅವರು ಕಾಣುತ್ತಿದ್ದರು. ಆಯಿ ಕಟ್ಟು ಬಿಚ್ಚಿ ಮೂರು ಗುಂಪು ಹಾಕಿದಳು. ಆರು, ಆರು, ಆರು. ಎರಡು ಲಡಿ ಉಳಿದವು. ಅವಳು ಒಂದು ಕ್ಷಣವೂ ಯೋಚಿಸದೆ ಒಂದನ್ನು ಎಡಗಡೆಯವಳ ಗುಂಪಿಗೆ, ಇನ್ನೊಂದನ್ನು ಬಲಗಡೆಯವಳ ಗುಂಪಿಗೆ ಒಗೆದು, ಖಾಲಿ ಕೈ ಕೊಡವಿದಳು.

“ಹೋದ ಸಲ ನನಗ ಬಂದಿತ್ತು. ಮುಂದಿನ ಸಲ ಮತ್ತ ಮೊದಲ ನಂದು,” ಎಂದಳು.

ಇಬ್ಬರೂ ತಲೆಯಾಡಿಸಿದರು. ಯಾರೂ ಲಡಿಯನ್ನು ಕತ್ತರಿಸಲಿಲ್ಲ. ಕತ್ತರಿಸಿದ ನೂಲು ಯಾವ ಕೆಲಸಕ್ಕೂ ಬಾರದು.

ನಾನು ಬೆಳಿಗ್ಗೆಯಿಂದ ಪೈಸೆಯನ್ನು ಕತ್ತರಿಸುತ್ತ ಕುಳಿತಿದ್ದೆ. ಅರ್ಧಕ್ಕಿಂತ ಮೇಲಿದ್ದರೆ ಏರಿಸು, ಕೆಳಗಿದ್ದರೆ ಇಳಿಸು ಎಂಬ ನಿಯಮ ಒಬ್ಬರ ಹಣಕ್ಕೆ ಸರಿ. ಮೂವರು ಹಂಚಿಕೊಳ್ಳುವ ಹಣಕ್ಕೆ ಅದನ್ನು ಹಾಕಿದರೆ ಮೂವರೂ ಒಟ್ಟಿಗೆ ಏರುತ್ತಾರೆ ಇಲ್ಲವೇ ಒಟ್ಟಿಗೆ ಇಳಿಯುತ್ತಾರೆ, ಲೆಕ್ಕ ಕೂಡುವುದಿಲ್ಲ. ಮಾಡಬೇಕಾದದ್ದು ಆಯಿ ಮಾಡಿದ್ದನ್ನೇ. ಎಲ್ಲರಿಗೂ ಪೂರ್ತಿ ಪೈಸೆಗಳನ್ನು ಸಮನಾಗಿ ಕೊಡುವುದು, ಉಳಿದ ಒಂದೋ ಎರಡೋ ಪೈಸೆಯನ್ನು ಸರದಿಯ ಪ್ರಕಾರ ಒಬ್ಬಿಬ್ಬರಿಗೆ ಕೊಡುವುದು, ಸಿಗದವರಿಗೆ ಮುಂದಿನ ಸಲ ಮೊದಲು. ಹಳೆ ಪಟ್ಟಿಯ ಕಡತವನ್ನು ಉಳಿಸದೆ ಮುಚ್ಚಿದೆ. ಗಡಿಯಾರದಲ್ಲಿ ಒಂದೂ ಹತ್ತು.

ಕಾರ್ಯದರ್ಶಿಗಳಿಗೆ ವಿವರಿಸಿದೆ. ಅವರು ಕೇಳಿದರು, ಒಪ್ಪಲಿಲ್ಲ.

“ಠರಾವಿನಾಗ ಸಮ ಪಾಲು ಅಂತ ಐತಿ. ಒಬ್ಬರಿಗೆ ನಲವತ್ತೇಳು, ಒಬ್ಬರಿಗೆ ನಲವತ್ತಾರು ಕೊಟ್ರ ಸಮ ಹ್ಯಾಂಗ ಆತು? ಆಡಿಟ್‌ನವ್ರು ಕೇಳಿದ್ರ ಕಂಡಿಕಿ ಸುತ್ತೂ ಮುದುಕಿ ಹಿಂಗ ಮಾಡಿದ್ಳು ಅಂತ ಬರೀಲೇನು?”

“ಬರೀರಿ. ನಾ ಬರದು ಸಹಿ ಮಾಡ್ತೀನಿ.”

“ಆತು, ಹಂಗಿದ್ರ ಉಳದ ಪೈಸಾ ನೇಕಾರಗ ಕೊಡ್ರಿ. ಮಗ್ಗ ಅವಂದು.”

ಇಲ್ಲಿ ನನ್ನ ಬಾಯಿ ತಡೆಯಲಿಲ್ಲ. “ಸರ, ಇಷ್ಟು ವರ್ಷ ಪೂರಾ ರೂಪಾಯಿ ಅವನ ಒಯ್ದಾನ. ಸರದಿ ಅಂದ್ಮ್ಯಾಲ ಈ ಸಲ ಅವನ ಪಾಳೇ ಕಡೀಕ ಬರತೈತಿ. ಮೊದಲನೇ ಪೈಸಾ ಕಂಡಿಕಿಯಾಕಿಗೆ, ಎರಡನೇದು ಹಾಸು ಜೋಡಿಸಾವ್ರಿಗೆ.”

ಅವರು ಪೆನ್ನು ಮೇಜಿನ ಮೇಲಿಟ್ಟು ಕೈಕಟ್ಟಿದರು. ನಾನು ಟಿಪ್ಪಣಿ ಹಾಳೆ ತೆಗೆದು ಮೂರು ಸಾಲು ಬರೆದೆ. ಮೂರರಿಂದ ಭಾಗವಾಗದೆ ಉಳಿಯುವ ಪೈಸೆಗಳನ್ನು ಯಾವ ಕ್ರಮದಲ್ಲಿ ಹಂಚಲಾಗಿದೆ ಎಂಬುದು ಒಂದು. ಈ ಕ್ರಮ ವರ್ಷದಿಂದ ವರ್ಷಕ್ಕೆ ಸರದಿಯಂತೆ ತಿರುಗತಕ್ಕದ್ದು ಎಂಬುದು ಎರಡು. ಇದರಿಂದ ಏನಾದರೂ ಆಕ್ಷೇಪ ಬಂದರೆ ಜವಾಬ್ದಾರಿ ನನ್ನದು, ಮೊತ್ತವನ್ನು ನನ್ನ ಸಂಬಳದಲ್ಲಿ ಹಿಡಿಯಬಹುದು ಎಂಬುದು ಮೂರು. ಕೆಳಗೆ ಸಹಿ ಮಾಡಿ ಅವರ ಮುಂದೆ ಸರಿಸಿದೆ. ಒಂದು ರೂಪಾಯಿ ಹದಿನೇಳು ಪೈಸೆಗೆ ನೌಕರಿಯನ್ನು ಪಣಕ್ಕಿಟ್ಟ ಗುಮಾಸ್ತೆ ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಆದರೆ ಆಗ ನಗು ಬರಲಿಲ್ಲ.

ಅವರು ಎರಡು ಸಲ ಓದಿದರು. “ನಿಮ್ಮ ಜವಾಬ್ದಾರಿ ಮ್ಯಾಲ,” ಎಂದು ಬರೆದು ಸಹಿ ಹಾಕಿದರು.

ಇನ್ನು ಹಾಳೆ ಹೊಸದಾಗಿ ಕಟ್ಟಬೇಕಿತ್ತು. ರೂಪಾಯಿಯ ಲೆಕ್ಕವನ್ನೇ ಬಿಟ್ಟು ಎಲ್ಲವನ್ನೂ ಪೈಸೆಗೆ ತಂದೆ. ನೂರರಿಂದ ಗುಣಿಸಿ ಪೂರ್ಣಾಂಕ ಮಾತ್ರ ಇಟ್ಟುಕೊಂಡರೆ ದಶಮಾಂಶದ ಕಾಟವೇ ಇರುವುದಿಲ್ಲ. ಆ ಪೂರ್ಣಾಂಕವನ್ನು ಮೂರರಿಂದ ಭಾಗಿಸಿದಾಗ ಬರುವ ಭಾಗಲಬ್ಧ ಮೂವರಿಗೂ. ಶೇಷ ಒಂದಿದ್ದರೆ ಕಂಡಿಕಿಯವಳಿಗೆ ಒಂದು, ಎರಡಿದ್ದರೆ ಹಾಸು ಜೋಡಿಸುವವರಿಗೂ ಒಂದು. ಕೊನೆಯ ಕಾಲಮ್ಮಿನಲ್ಲಿ ತಾಳೆ: ಮಂಜೂರಾದದ್ದರಿಂದ ಹಂಚಿದ್ದನ್ನು ಕಳೆದರೆ ಎಲ್ಲ ಮಗ್ಗಕ್ಕೂ ಸೊನ್ನೆ ಬರಬೇಕು.

ಬರಲಿಲ್ಲ. ಎರಡು ಮಗ್ಗಗಳ ಮುಂದೆ ಒಂದೊಂದು ಪೈಸೆ ಉಳಿದು ನಿಂತಿತ್ತು, ಕೊನೆಯ ಮಗ್ಗದ ಮುಂದೆ ಮೂರು ಪೈಸೆ ಮೀರಿ ನಿಂತಿತ್ತು. ಆಗ ಎರಡೂ ಕಾಲು. ಮೂರು ಪೈಸೆಯದು ಬೇಗ ಸಿಕ್ಕಿತು. ಹೊಸ ಸೂತ್ರಗಳನ್ನು ಹಳೆ ಹಾಳೆಯ ಮೇಲೇ ಹಾಕಿದ್ದೆ, ಬೆಳಿಗ್ಗೆ ನಾನು ಸೂತ್ರ ಅಳಿಸಿ ಒತ್ತಿದ ಅಂಕಿ ಮಾತ್ರ ಹಾಗೇ ಉಳಿದುಕೊಂಡಿತ್ತು. ಅದನ್ನು ತೆಗೆದೆ. ಆದರೆ ಆ ಎರಡು ಮಗ್ಗ? ಕಾಗದದ ಮೇಲೆ ಮಾಡಿದರೆ ಸರಿ ಬರುತ್ತಿತ್ತು, ಕಂಪ್ಯೂಟರಿನಲ್ಲಿ ಮಾಡಿದರೆ ಒಂದು ಪೈಸೆ ಮಾಯ. ಹತ್ತು ನಿಮಿಷ ಹೋಯಿತು. ಕಾರ್ಯದರ್ಶಿ ನನ್ನ ಬೆನ್ನ ಹಿಂದೆ ಅತ್ತಿಂದಿತ್ತ ಅಡ್ಡಾಡುತ್ತಿದ್ದರು.

“ಕುಂದರ್ರಿ ಸರ, ನಿಮ್ಮ ಚಪ್ಪಲಿ ಸಪ್ಪಳಕ್ಕ ನನ್ನ ತಲಿ ನಡೀವಲ್ದು,” ಎಂದು ಗದರಿದೆ. ಪಾಪ, ಕುಳಿತರು.

ಆಮೇಲೆ ಹೊಳೆಯಿತು. ನಾವು ಹತ್ತರ ಲೆಕ್ಕದಲ್ಲಿ ಮೂರನೇ ಒಂದನ್ನು ಬರೆಯಹೋದರೆ ಮೂರು, ಮೂರು, ಮೂರು ಎಂದು ಮುಗಿಯದೆ ಹೋಗುತ್ತದಲ್ಲ, ಹಾಗೇ ಎರಡರ ಲೆಕ್ಕದಲ್ಲಿ ನಡೆಯುವ ಕಂಪ್ಯೂಟರಿಗೆ ಹತ್ತನೇ ಒಂದನ್ನು ಪೂರ್ತಿ ಬರೆಯಲು ಬರುವುದಿಲ್ಲ. ನಮಗೆ ನಲವತ್ತು ಪೈಸೆ ಎಂದು ತೋರಿಸಿದರೂ ಒಳಗೆ ಅದು ಕೂದಲೆಳೆಯಷ್ಟು ಹೆಚ್ಚೋ ಕಡಿಮೆಯೋ ಇರುತ್ತದೆ. ಕಡಿಮೆ ಇದ್ದ ಎರಡು ಕಡೆ, ನಾನು ದಶಮಾಂಶವನ್ನು ಕತ್ತರಿಸಿದಾಗ ಇಡೀ ಒಂದು ಪೈಸೆಯೇ ಕೆಳಗಿಳಿದಿತ್ತು. ಕತ್ತರಿಸುವ ಮೊದಲು ಹತ್ತಿರದ ಪೈಸೆಗೆ ಸರಿಮಾಡಬೇಕು. ಇಲ್ಲಿ ಮಾತ್ರ ಆ ನಿಯಮ ಬೇಕಿತ್ತು, ನಾನು ಇಲ್ಲಿಯೇ ಬಿಟ್ಟಿದ್ದೆ. ಸೂತ್ರ ತಿದ್ದಿದೆ. ಕಾಲಮ್ಮಿನ ತುಂಬ ಸೊನ್ನೆ. ಕಂಪ್ಯೂಟರನ್ನು ನಂಬದೆ ಐದು ಮಗ್ಗಗಳನ್ನು ಕೈಯಿಂದ ಮತ್ತೆ ತಾಳೆ ನೋಡಿದೆ.

ಮುದ್ರಣ ಹನ್ನೊಂದು ಹಾಳೆ ಬಂತು. ಪ್ರತಿ ಹಾಳೆಗೆ ಸಹಿ, ಠಸ್ಸೆ. ಠಸ್ಸೆಯ ಮಸಿ ಒಣಗಿತ್ತು, ಕಾರ್ಯದರ್ಶಿ ಅದಕ್ಕೆ ನೀರು ಚಿಮುಕಿಸಿ ಒತ್ತಿದರು. ಮೂರೂ ಇಪ್ಪತ್ತಕ್ಕೆ ಸಂಘದಿಂದ ಹೊರಬಿದ್ದೆವು. ಕಟ್ಟೆಯ ಮೇಲೆ ಆಯಿ ಇನ್ನೂ ಕುಳಿತಿದ್ದಳು. ನಮ್ಮ ಓಟ ನೋಡಿ ಎದ್ದು ನಿಂತಳು.

ಮೂರೂವರೆಗೆ ಎರಡು ನಿಮಿಷ ಇರುವಾಗ ಬ್ಯಾಂಕಿನಲ್ಲಿ ನರಗುಂದದ ಹುಡುಗ ಪಟ್ಟಿ ಏರಿಸಿದ. ಪರದೆಯ ಮೇಲೆ ಒಂದು ಗೆರೆ ನಿಧಾನಕ್ಕೆ ತುಂಬತೊಡಗಿತು. ಅರ್ಧಕ್ಕೆ ಬಂದು ನಿಂತಿತು. ಅವನು ಮೌಸ್ ಮುಟ್ಟಲಿಲ್ಲ. ಕಾರ್ಯದರ್ಶಿಗಳು ಪಕ್ಕದ ಗೋಡೆಗೆ ಹಣೆ ಹಚ್ಚಿ ನಿಂತಿದ್ದರು. ಗೆರೆ ಮತ್ತೆ ಅಲುಗಿತು. ಮೂರೂ ನಲವತ್ತೆಂಟಕ್ಕೆ ಪಟ್ಟಿ ಪೂರ್ತಿ ಹಸಿರಾಯಿತು.

“ಹೋತ್ರಿ ಅಕ್ಕಾರ,” ಎಂದ ಹುಡುಗ. “ಮುನ್ನೂರ ಐವತ್ನಾಲ್ಕೂ ಹೋದ್ವು.”

ನನಗೆ ಅಳು ಬಂತು. ಬ್ಯಾಂಕಿನ ತುಂಬ ಜನ ಇದ್ದರು, ಆದರೂ ಅತ್ತೆ.

ನಾಲ್ಕನೇ ದಿನ ಆಯಿ ಹಣ ಬಿಡಿಸಿಕೊಂಡು ರಾಟಿ ತಂದಳೆಂದು ಓಣಿಯಲ್ಲಿ ಸುದ್ದಿಯಾಯಿತು. ಅದೇ ವಾರ ಅರವತ್ಮೂರನೇ ಮಗ್ಗದ ನೇಕಾರ ಪಾಸ್‌ಬುಕ್ಕು ಹಿಡಿದು ಸಂಘಕ್ಕೆ ಬಂದ. ಅವನು ಮೊತ್ತದಲ್ಲಿ ಮೂರನೇ ಎರಡು ಭಾಗ ಹೋದದ್ದಕ್ಕೆ ಜಗಳವಾಡುತ್ತಾನೆಂದು ನಾನು ಸಜ್ಜಾಗಿ ಕುಳಿತೆ. ಆ ಮಾತನ್ನು ಅವನು ಎತ್ತಲಿಲ್ಲ. ಸಭೆಯಲ್ಲಿ ಕೈ ಎತ್ತಿದವರಲ್ಲಿ ಅವನೂ ಒಬ್ಬ, ಹಾಗಾಗಿ ಎತ್ತುವಂತಿರಲಿಲ್ಲ.

“ಅಕ್ಕಾರ, ಆಯಿಗೆ ನಲವತ್ತೇಳು ಪೈಸಾ, ಹಾಸು ಜೋಡಿಸಾಕಿಗೆ ನಲವತ್ತೇಳು ಪೈಸಾ. ನನಗ ನಲವತ್ತಾರ ಯಾಕ?”

“ಸರದಿ ಐತ್ರಿ.”

“ಎಂಥಾ ಸರದಿ? ಓಣಿಯಾಗ ಮಂದಿ ನಗಾಕತ್ತಾರ. ಮಗ್ಗದ ಯಜಮಾನಗ ಒಂದ ಪೈಸಾ ಕಡಿಮಿ ಅಂತ. ನಾ ಒಬ್ಬನ ಅಲ್ಲ, ಭಾಳ ಮಂದಿ ಅದಾರ. ನಾವು ಅರ್ಜಿ ಕೊಡ್ತೀವಿ.”

ಕೊಟ್ಟರು. ಇಪ್ಪತ್ತಾರು ಜನ ನೇಕಾರರು ಸಹಿ ಮಾಡಿದ ಅರ್ಜಿ ಅದು. ಪೈಸೆಯಲ್ಲಿ ನಮಗೆ ಅನ್ಯಾಯವಾಗಿದೆ, ಮುಂದಿನ ವರ್ಷ ಉಳಿದ ಪೈಸೆ ಮೊದಲು ನೇಕಾರರಿಗೇ ಸಲ್ಲಬೇಕು, ಇದನ್ನು ಠರಾವಿನಲ್ಲಿ ಬರೆಯಬೇಕು ಎಂದು. ನಾನು ಅದನ್ನು ಆವಕ ಪುಸ್ತಕದಲ್ಲಿ ದಾಖಲಿಸಿ ಆಡಳಿತ ಮಂಡಳಿಯ ಸಭೆಗೆ ಇಟ್ಟೆ. ಅರ್ಜಿದಾರರ ಪರವಾಗಿ ಅರವತ್ಮೂರನೇ ಮಗ್ಗದವನೇ ಬಂದು ಬಾಗಿಲ ಬಳಿ ನಿಂತಿದ್ದ. ಮಂಡಳಿಯವರಿಗೆ ಆಕ್ಷೇಪವೇನೂ ಇರಲಿಲ್ಲ. ಒಂದು ಪೈಸೆಗೆ ಯಾರು ಆಕ್ಷೇಪ ಮಾಡುತ್ತಾರೆ? ಕಾರ್ಯದರ್ಶಿ ನಡಾವಳಿ ಪುಸ್ತಕ ತೆರೆದು ಬರೆಯತೊಡಗಿದರು. ಮುಂದಿನ ವರ್ಷ ಪ್ರತಿ ಮಗ್ಗದ ಮೊತ್ತವನ್ನು ಮೂರು ಪಾಲು ಮಾಡಿದಾಗ ಉಳಿಯುವ ಪೈಸೆ ಮೊದಲು ನೇಕಾರರಿಗೆ, ಅದರ ಮುಂದಿನ ವರ್ಷ ಹಾಸು ಜೋಡಿಸುವವರಿಗೆ, ಅದರ ಮುಂದಿನ ವರ್ಷ ಕಂಡಿಕಿ ಸುತ್ತುವವರಿಗೆ, ಹೀಗೆ ಸರದಿಯಂತೆ...

ಅಲ್ಲಿ ಅವರ ಪೆನ್ನು ನಿಂತಿತು. ತಲೆಯೆತ್ತಿ ನನ್ನ ಕಡೆ ನೋಡಿದರು.

“ಅಕ್ಕಾರ, ಠರಾವು ಒಂದ ವರ್ಷದ್ದಿತ್ತು. ಇದನ್ನ ಬರದ್ರ ಮುಂದಿನ ವರ್ಷಾನೂ ಮೂರ ಪಾಲು ಮಾಡಬೇಕಾಕ್ಕತಲ್ರಿ? ಅದರ ಮುಂದಿನ ವರ್ಷಾನೂ?”

“ಹೌದ್ರಿ ಸರ. ಪಾಲು ಮಾಡದಿದ್ರ ಪೈಸಾ ಉಳಿಯೂದಿಲ್ಲಲ್ಲ.”

ಮಂಡಳಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾರ್ಯದರ್ಶಿ ಬಾಗಿಲ ಕಡೆ ತಿರುಗಿ ಅರ್ಜಿ ಕೊಟ್ಟವನನ್ನು ಕೇಳಿದರು, “ಏನಪಾ, ಬರೀಲೋ ಬ್ಯಾಡೋ?”

ಅವನು ಹೊರಳಿ ನೋಡಿದ. ಹೊರಗೆ ಕಟ್ಟೆಯ ಮೇಲೆ ಉಳಿದ ಇಪ್ಪತ್ತೈದು ಜನ ಕಾಯುತ್ತಿದ್ದರು, ಅವರ ಹಿಂದೆ ಅವರ ಮನೆಯ ಹೆಂಗಸರೂ.

“ಬರೀರಿ,” ಎಂದ. “ಆದ್ರ ನನ್ನ ಪೈಸಾ ನನಗ ಬರಬೇಕು.”

ಕಾರ್ಯದರ್ಶಿ ವಾಕ್ಯ ಮುಗಿಸಿದರು. ಅರ್ಜಿದಾರರ ಪರವಾಗಿ ಸಹಿ ಮಾಡಲು ಅವನನ್ನೇ ಮೊದಲು ಕರೆದೆ.